ತೊಗಲಿನ ಚೂರು

ಹೊಸಕೋಟೆಯ ಬಳಿಯ ಪಿಲ್ಲಗುಂಪೆಯಲ್ಲಿ, ಕೈಗಾರಿಕಾ ಪ್ರದೇಶದ ಅಂಚಿಗೆ, ಮೊನ್ನೆ ಒಂದು ಸಣ್ಣ ರಾಶಿಯನ್ನು ಕಂಡೆ. ತಿಳಿನೀಲಿಯ ತೊಗಲಿನ ಚೂರುಗಳು. ಎಲ್ಲಿಂದ ತಂದು ಸುರಿದರೋ ತಿಳಿಯದು. ಯಾರೋ ಬೆಂಕಿಯನ್ನೂ ಇಟ್ಟಿದ್ದರು. ವಚನಗಳ ಪಾಠ ಹೇಳುವ ನನಗೆ ಆ ಹೊಗೆಯಲ್ಲಿ ಸಮಗಾರ ಹರಳಯ್ಯನವರು ನೆನಪಾದರು.

ಹನ್ನೆರಡನೆಯ ಶತಮಾನದ ಶರಣರು ಹರಳಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಇವರಿಗೆ ತಮ್ಮ ನಡುವೆ ಗೌರವದ ಸ್ಥಾನ ಕೊಟ್ಟರು. ಆದರೆ ನಮ್ಮ ಊರುಗಳು ಕೊಡಲಿಲ್ಲ. ಕಪಿಲೆಯ ಚೀಲ, ಎತ್ತಿನ ಮಿಣಿ, ತಮಟೆ, ಕಾಲಿನ ಕೆರ ಎಲ್ಲವೂ ಊರಿಗೆ ಬೇಕಾಗಿದ್ದವು. ಅವನ್ನು ಮಾಡಿಕೊಟ್ಟವನು ಮಾತ್ರ ಊರ ಹೊರಗಿರಬೇಕಾಗಿತ್ತು.

ಅವನ ಕಸುಬಿನಲ್ಲಿ ವ್ಯರ್ಥವಾಗುತ್ತಿದ್ದುದು ಬಹಳ ಕಡಿಮೆ. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ವಾರಗಟ್ಟಲೆ ಹದಗೊಳಿಸುತ್ತಿದ್ದರು. ಹೆರೆದ ಮಾಂಸದ ಪದರದಿಂದ ಬಡಗಿಗೆ ಬೇಕಾದ ಅಂಟು ಬರುತ್ತಿತ್ತು. ರಸ ತೀರಿದ ತೊಗಟೆ ಒಲೆಗೊ ತಿಪ್ಪೆಗೊ ಸಲ್ಲುತ್ತಿತ್ತು. ದುರ್ವಾಸನೆ ಇತ್ತು, ನಿಜ. ಆದರೆ ಉಳಿದದ್ದನ್ನು ಮಣ್ಣು ಜೀರ್ಣಿಸಿಕೊಳ್ಳುತ್ತಿತ್ತು.

1884ರಲ್ಲಿ ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಕ್ರೋಮಿಯಂ ಲವಣದಿಂದ ಹದಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಅದನ್ನು ಮದರಾಸಿನಲ್ಲಿ ಪ್ರಯೋಗಿಸಿ ಬಳಕೆಗೆ ತಂದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದವರೂ ಅವರೇ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಆದರೆ ಸಾವಿರ ಕಿಲೋ ಹಸಿ ತೊಗಲಿನಿಂದ ದೊರೆಯುವ ಸಿದ್ಧ ಚರ್ಮ ಸುಮಾರು ಇನ್ನೂರು ಕಿಲೋ ಮಾತ್ರ. ಉಳಿದುದರಲ್ಲಿ ಕ್ರೋಮಿಯಂ ಬೆರೆತ ಹೆರೆಚೂರು, ಕೆಸರು ಸೇರಿರುತ್ತವೆ. ಇಂಥ ಚೂರನ್ನು ಬಯಲಿನಲ್ಲಿ ಸುಟ್ಟರೆ ಅದರ ಕ್ರೋಮಿಯಂ ವಿಷರೂಪಕ್ಕೆ ತಿರುಗಿ ಬೂದಿಯಲ್ಲಿ ನಿಲ್ಲಬಹುದು; ಮಳೆ ಬಂದರೆ ಅದು ಅಂತರ್ಜಲಕ್ಕೂ ಇಳಿಯಬಹುದು.

ಇದರ ಫಲವನ್ನು ಕಾಣಲು ಬಹುದೂರ ಹೋಗಬೇಕಿಲ್ಲ. ಹೊಸಕೋಟೆಯ ಕೆರೆಗೆ ನೀರು ತರುವ ದಕ್ಷಿಣ ಪಿನಾಕಿನಿಯೂ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯೂ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿಯೇ. ಆ ಪಾಲಾರ್ ದಡದ ಬಾವಿಗಳು ಚರ್ಮದ ಕಾರ್ಖಾನೆಗಳ ಹೊಲಸಿನಿಂದ ಕೆಟ್ಟವು. ಕೆಡಿಸಿದವನೇ ದಂಡ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಕೆಟ್ಟ ಬಾವಿಗೆ ಆ ತೀರ್ಪು ಸಿಹಿನೀರನ್ನು ಮರಳಿ ತಂದೀತೆ?

ದಾರಿಗಳು ಇಲ್ಲದಿಲ್ಲ. ಹೆರೆಚೂರನ್ನು ಒತ್ತಿ ಪಾದರಕ್ಷೆಯ ಒಳಅಟ್ಟೆಗೆ ಹಲಗೆ ಮಾಡಬಹುದು. ಮಾಂಸದ ಪದರದಿಂದ ಇಂದಿಗೂ ಅಂಟು ತೆಗೆಯಬಹುದು. ಕ್ರೋಮಿಯಂ ಬೆರೆತ ಕಸವನ್ನು 2016ರ ನಿಯಮಗಳು ಅಪಾಯಕಾರಿಯೆಂದು ಗಣಿಸುತ್ತವೆ. ಅಂಥ ಕಸವನ್ನು ಹೂಳಲು ಇದೇ ಜಿಲ್ಲೆಯ ದಾಬಸ್‌ಪೇಟೆಯಲ್ಲಿ ನೆಲೆಯುಂಟು. ಇವೆಲ್ಲಕ್ಕೂ ಖರ್ಚಿದೆ; ಬೆಂಕಿಕಡ್ಡಿಗೆ ಖರ್ಚಿಲ್ಲ.

ಅಂದು ಊರು ಚೂರನ್ನು ಬಿಸಾಡಲಿಲ್ಲ, ಕಸುಬಿನವನನ್ನು ಹೊರಗಿಟ್ಟಿತು. ಇಂದು ಚೂರನ್ನೂ ಬಿಸಾಡುತ್ತೇವೆ. ಅದನ್ನು ಬರಿಗೈಯಲ್ಲಿ ಬಾಚುವವರು ಯಾರೆಂದು ಕೇಳುವುದಿಲ್ಲ. ನನ್ನ ಕಾಲಿನ ಮೆಟ್ಟೂ ಅಂಥದೇ ತೊಗಲಿನದು. ರಾಶಿಯ ಮುಂದೆ ನಿಂತಾಗ ಅದು ಸ್ವಲ್ಪ ಭಾರವೆನಿಸಿತು.