ಅಶೋಕ ರಸ್ತೆಯ ಜೋಡಿ ಗೋಪುರ

ಮೈಸೂರು ಅರಮನೆಯಿಂದ ಉತ್ತರಕ್ಕೆ ಹೊರಡುವ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಪ್ರಧಾನಾಲಯವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಶಾಲಾ ಪ್ರವಾಸಕ್ಕೆ ಬರುವ ಮಕ್ಕಳಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟದಷ್ಟೇ ಪರಿಚಿತವಾದ ಜಾಗ ಇದು. ಆ ನಾಲ್ಕು ತಾಲ್ಲೂಕುಗಳು ಕಥೋಲಿಕ ಆಡಳಿತದಲ್ಲಿ 1949ರಲ್ಲಿ ರಚನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿವೆ. ಕುಷ್ಟಗಿಯ ನೆರೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ವಿಜಯಪುರದ ಆದಿಲಶಾಹಿಗಳ ಕಾಲದಿಂದ, ಅಂದರೆ 16ನೇ ಶತಮಾನದಿಂದಲೇ, ಕಥೋಲಿಕರ ನೆಲೆಯುಂಟು. ವಯಸ್ಸಿನ ಮಾತು ಬಂದರೆ ಮೈಸೂರಿನ ಕಟ್ಟಡ ಮುದಗಲ್‌ನ ಮುಂದೆ ಕೂಸು. ಅದು ಏಳುತ್ತಿದ್ದಾಗ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಮೈಸೂರು ಬೇರೆ ಅರಸರ ಬೇರೆ ನಾಡು.

ದೊಡ್ಡದಾದ ಮಾತ್ರಕ್ಕೆ ಯಾವ ಚರ್ಚೂ ಪ್ರಧಾನಾಲಯವಾಗುವುದಿಲ್ಲ. ಧರ್ಮಾಧ್ಯಕ್ಷರ ಪೀಠ ಎಲ್ಲಿದೆಯೋ ಅದು ಪ್ರಧಾನಾಲಯ. ಕೆಥೆಡ್ರಲ್ ಎಂಬ ಮಾತಿನ ಮೂಲದಲ್ಲಿರುವುದೂ ಪೀಠವೇ. ಮೈಸೂರು ಹೆಸರಿನ ಧರ್ಮಕ್ಷೇತ್ರ 1886ರಲ್ಲೇ ಸ್ಥಾಪನೆಯಾಗಿದ್ದರೂ ಅದರ ಧರ್ಮಾಧ್ಯಕ್ಷರು ಇದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾದ ಮೇಲಷ್ಟೇ ಮೈಸೂರಿಗೆ ತನ್ನ ಊರಲ್ಲೇ ಪೀಠ ಬಂದಿತು. ಹೀಗಾಗಿ 1933ರಲ್ಲಿ ಅಡಿಗಲ್ಲು ಬಿದ್ದಾಗ ಇದು ಬರಿಯ ಚರ್ಚು. ಕೆಲಸ ಮುಗಿಯುವ ವೇಳೆಗೆ ಪ್ರಧಾನಾಲಯ.

ಅದೇ ನಿವೇಶನದಲ್ಲಿ ಮೊದಲು ಒಂದು ಚಿಕ್ಕ ಚರ್ಚಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1843ರಲ್ಲಿ ಕಟ್ಟಿದ್ದು. 1831ರಲ್ಲೇ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದರಿಂದ ಆಗ ಮುಮ್ಮಡಿಯವರಿಗೆ ದರ್ಬಾರು ಉಳಿದಿತ್ತು, ದೊರೆತನ ಉಳಿದಿರಲಿಲ್ಲ. ಆದರೂ ಗುಡಿ, ಮಠ, ಚರ್ಚುಗಳಿಗೆ ಕೊಡುವ ಕೈ ನಿಲ್ಲಲಿಲ್ಲ. ಚರ್ಚಿನ ಪಾದ್ರಿಗಳು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯವರು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣ ಸೀಮೆಯಲ್ಲಿ ಓಡಾಡಿದ ಅಬ್ಬೆ ದುಬಾಯ್ ಕೂಡ ಅದೇ ಸಂಸ್ಥೆಗೆ ಸೇರಿದವರು.

ರೋಮಿನ ಹುಡುಗಿಯೊಬ್ಬಳ ಹೆಸರು ಮೈಸೂರಿಗೆ ಬಂದ ದಾರಿಗೂ ಈ ಫ್ರೆಂಚ್ ನಂಟಿಗೂ ಸಂಬಂಧವಿದೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳ ನಡುವೆ ಎಳೆಯ ಹೆಣ್ಣುಮಗಳೊಬ್ಬಳ ಅಸ್ಥಿ ಸಿಕ್ಕಿತು. ಸಮಾಧಿಗೆ ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲಿನ ಅಕ್ಷರಗಳನ್ನು ಹೊಂದಿಸಿ ಓದಿ, ಅವಳನ್ನು ಫಿಲೋಮಿನಾ ಎಂದು ಕರೆದರು. 1805ರಲ್ಲಿ ಅಸ್ಥಿ ಇಟಲಿಯ ಮುನ್ಯಾನೊ ಊರಿಗೆ ಹೋಯಿತು. 1835ರಲ್ಲಿ ಲಿಯೋನ್ ನಗರದ ಪೋಲಿನ್ ಜಾರಿಕೊ ಎಂಬಾಕೆ ಅಲ್ಲಿ ಕಾಯಿಲೆ ವಾಸಿಯಾಗಿ ಎದ್ದರೆಂಬ ಸುದ್ದಿ ಫ್ರಾನ್ಸಿನ ತುಂಬ ಹರಡಿತು. ಆರ್ಸ್ ಊರಿನ ಪಾದ್ರಿ ಜಾನ್ ವಿಯಾನಿ ಅವಳ ದೊಡ್ಡ ಭಕ್ತರಾದರು. ಫ್ರಾನ್ಸಿನಲ್ಲಿ ಬೇರೂರಿದ ಭಕ್ತಿ ಫ್ರೆಂಚ್ ಮಿಷನರಿಗಳ ನಾಡುಗಳಿಗೆ ದಾಟುವುದು ಕಷ್ಟವಾಗಲಿಲ್ಲ.

ಮೈಸೂರು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ಕಥೋಲಿಕರಾದ ಟಿ.ಆರ್.ವಿ. ತಂಬೂಚೆಟ್ಟಿ 1920ರ ದಶಕದಲ್ಲಿ ಸಂತಳ ಪವಿತ್ರ ಅವಶೇಷವೊಂದನ್ನು ಪಡೆದು ಚರ್ಚಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಆಲಯ ಬೇಕೆಂಬ ಬೇಡಿಕೆ ಫಾದರ್ ಕೊಶೆ ಅವರ ಮೂಲಕ ಅರಮನೆ ಮುಟ್ಟಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲಿಟ್ಟರು. ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಎರಡು ಬುನಾದಿಗಳ ಮೇಲೆ ಈ ಚರ್ಚು ನಿಲ್ಲಲಿದೆ ಎಂಬರ್ಥದ ಮಾತನ್ನು ಅಂದು ಅವರು ಆಡಿದರು. ಕೆಲಸ ಪೂರ್ಣಗೊಂಡದ್ದು ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರ ಕಾಲದಲ್ಲಿ, 1941ರಲ್ಲಿ. ಅಷ್ಟರಲ್ಲಿ ನಾಲ್ವಡಿಯವರು ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು.

ನಕಾಶೆ ಡ್ಯಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿಯದು. ಶೈಲಿ ನವ ಗಾಥಿಕ್, ಮಾದರಿ ಜರ್ಮನಿಯ ಕಲೋನ್ ಪ್ರಧಾನಾಲಯ. ಜೋಡಿ ಗೋಪುರಗಳ ಎತ್ತರ 175 ಅಡಿ. ಎತ್ತರದಲ್ಲಿ ಏಷ್ಯಾಕ್ಕೇ ಎರಡನೆಯದೆಂದು ಗೈಡುಗಳು ಹೇಳುವುದುಂಟು. ಅದಕ್ಕಿಂತ ಕಲೋನಿನ ಗೋಪುರಗಳು ಇದರ ಸುಮಾರು ಮೂರು ಪಟ್ಟು ಎತ್ತರವಿವೆ, ಮತ್ತು 1248ರಲ್ಲಿ ಶುರುವಾದ ಆ ಪ್ರಧಾನಾಲಯ ಮುಗಿದದ್ದು 1880ರಲ್ಲಿ ಎಂಬುದು ಹೆಚ್ಚು ಕುತೂಹಲದ ಸಂಗತಿ. ಅಲ್ಲಿ ಆರು ಶತಮಾನ ಹಿಡಿದದ್ದು ಇಲ್ಲಿ ಎಂಟು ವರ್ಷದಲ್ಲಿ ಆಯಿತು.

ಒಳಗಿನ ವಿನ್ಯಾಸ ಶಿಲುಬೆಯಾಕಾರದ್ದು: ಉದ್ದಕ್ಕೆ ಸಭಾಂಗಣ, ಅಡ್ಡಕ್ಕೆ ಎರಡು ತೋಳು, ತುದಿಯಲ್ಲಿ ಬಲಿಪೀಠ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಚಾಲುಕ್ಯ ದೊರೆ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಬಲ್ಲವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಇಟಗಿಯಲ್ಲಿ ತೆರೆದ ಕಂಬಗಳ ಮಂಟಪದಿಂದ ಮುಚ್ಚಿದ ಮಂಟಪಕ್ಕೆ, ಅಲ್ಲಿಂದ ಅಂತರಾಳ ದಾಟಿ ಗರ್ಭಗುಡಿಗೆ ಹೋದಂತೆಲ್ಲ ಬೆಳಕು ಕುಗ್ಗುತ್ತದೆ, ಜಾಗ ಕಿರಿದಾಗುತ್ತದೆ. ಇಲ್ಲಿ ಸುಮಾರು 800 ಮಂದಿ ಒಟ್ಟಿಗೆ ಕೂತು ಬಲಿಪೂಜೆಯಲ್ಲಿ ಪಾಲ್ಗೊಳ್ಳಬೇಕಾದ್ದರಿಂದ ಇಡೀ ಅಂಗಣವೇ ಎತ್ತರ, ವಿಶಾಲ. ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನಗಳನ್ನು ಚಿತ್ರಿಸಿದ ಬಣ್ಣದ ಗಾಜುಗಳಿಂದ ಬೆಳಕು ಸೋಸಿ ಬರುತ್ತದೆ. ಗರ್ಭಗುಡಿಯಂಥ ಕಿರಿದಾದ ಏಕಾಂತ ಸಿಗುವುದು ಮೆಟ್ಟಿಲಿಳಿದು ಹೋದ ಮೇಲೆ, ನೆಲಮಾಳಿಗೆಯಲ್ಲಿ. ಅಲ್ಲಿ ಫಿಲೋಮಿನಾಳ ಪ್ರತಿಮೆ ನಿಂತಿಲ್ಲ, ಮಲಗಿದೆ. ಅವಳು ಸಿಕ್ಕಿದ್ದೂ ನೆಲದಡಿಯ ಸಮಾಧಿಯಲ್ಲೇ.

ಮುಂದೆ ಪುರಾತತ್ವಜ್ಞರು ಆ ಮೂರು ಹಲಗೆಗಳನ್ನೇ ಪ್ರಶ್ನಿಸಿದರು. ಅಕ್ಷರಗಳ ಕ್ರಮ ತಪ್ಪಿರುವುದರಿಂದ ಅವು ಬೇರೆ ಸಮಾಧಿಯಿಂದ ತಂದು ಮತ್ತೆ ಬಳಸಿದವು ಎಂಬ ವಾದ ಎದ್ದಿತು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಧಾರ್ಮಿಕ ಪಂಚಾಂಗಗಳಿಂದ ಕೈಬಿಡುವಂತೆ ಆದೇಶಿಸಿತು. ಖಾಸಗಿ ಭಕ್ತಿಗೆ ಅಡ್ಡಿ ಬರಲಿಲ್ಲ. ಮೈಸೂರಿನ ಆಲಯದ ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫರೂ ಸೇರಿದ್ದಾರೆ, ಆದರೆ ಆಟೋದವರಿಗೆ ಆ ಹೆಸರು ಹೇಳಿ ಪ್ರಯೋಜನವಿಲ್ಲ. ಊರಿನ ಬಾಯಲ್ಲಿ ಅದು ಫಿಲೋಮಿನಾ ಚರ್ಚು, 1946ರಲ್ಲಿ ಆರಂಭವಾದ ಕಾಲೇಜು ಫಿಲೋಮಿನಾ ಕಾಲೇಜು.