ಬಸಿದರೆ ಬಸ್ಸಾರು

ಸಂಶೋಧನೆಗೆಂದು ಮೈಸೂರಿಗೆ ಬಂದು ಕೋಣೆ ಹಿಡಿದ ಮೇಲೆಯೇ ನಾನು ಮೊದಲ ಸಲ ಒಲೆಯ ಮುಂದೆ ನಿಂತದ್ದು. ಮೆಸ್ಸಿನ ಊಟ ಬೇಸರ ತಂದಿದ್ದ ಒಂದು ಭಾನುವಾರ ದಂಟಿನ ಸೊಪ್ಪು, ಅವರೆಕಾಳು ತಂದು ಬಸ್ಸಾರು ಮಾಡಲು ಹೊರಟೆ. ಎರಡೂ ಬೆಂದವು. ಮುಂದೇನು ಎಂದು ತೋಚದೆ, ರುಬ್ಬಿದ ಖಾರವನ್ನೂ ಅದೇ ಪಾತ್ರೆಗೆ ಹಾಕಿ ಕುದಿಸಿಬಿಟ್ಟೆ. ತಿನ್ನುವಂತಿತ್ತು, ಆದರೆ ಅದು ಬಸ್ಸಾರಾಗಿರಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು: "ಬಸಿದ್ಯಾ?"

ಬಸಿದ ಸಾರು, ಬಸ್ಸಾರು. ಬೆಂದ ಕಾಳುಸೊಪ್ಪಿನ ನೀರನ್ನು ಬಸಿದು, ಆ ಕಟ್ಟಿಗೆ ಖಾರ ಸೇರಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಒಂದು ತೊಟ್ಟೂ ದಂಡವಿಲ್ಲ. ಪದಗಳ ಹಿಂದೆ ಬಿದ್ದಿದ್ದ ನಾನು ಇಪ್ಪತ್ತೈದು ವರ್ಷ ಬಾಯಲ್ಲಿದ್ದ ಈ ಪದವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ನಾಚಿಕೆಗೆ ಇನ್ನೊಂದು ಕಾರಣವಿತ್ತು. ಆ ದಿನಗಳಲ್ಲಿ ನನ್ನ ಮೇಜಿನ ಮೇಲೆ ಇದ್ದದ್ದೇ ಅಡುಗೆಯ ಪುಸ್ತಕಗಳು. ಕನ್ನಡ ನಾಡಿನಲ್ಲಿ ಊಟದ ಬರವಣಿಗೆಗೆ ದೀರ್ಘ ಪರಂಪರೆಯಿದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ಜ್ಯೋತಿಷ, ವೈದ್ಯ, ನೀರು ಹುಡುಕುವ ವಿದ್ಯೆಗಳ ಜೊತೆಗೆ ಅಡುಗೆಗೂ ಜಾಗ ಕೊಟ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ನಮ್ಮ ಇಡ್ಲಿ, ದೋಸೆಗಳ ಪೂರ್ವಜರು ಅಲ್ಲಿ ಇಡ್ಡರಿಕಾ, ಧೋಸಕಾ ಎಂಬ ಹೆಸರಿನಲ್ಲಿ ಸಿಗುತ್ತಾರೆ. 1508ರ ಸುಮಾರಿಗೆ ಕಲ್ಲಹಳ್ಳಿಯ ಪ್ರಭು, ಜೈನ ಕವಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿ, ಪಾನಕ, ಪಾಯಸಗಳಿಂದ ಬದನೆ, ಹಲಸು, ಬಾಳೆಯವರೆಗೆ ಅದರ ಹರವು.

ಈ ಮೂವರಲ್ಲಿ ಒಬ್ಬ ದೊರೆ, ಒಬ್ಬ ಪ್ರಭು, ಒಬ್ಬ ಆಸ್ಥಾನದ ಪಂಡಿತ. ಮೂವರೂ ಗಂಡಸರು. ನಮ್ಮ ಪುರಾಣಗಳಲ್ಲೂ ಹೆಸರಾಂತ ಪಾಕಪ್ರವೀಣರೆಂದರೆ ನಳ, ಭೀಮರೇ. ದಿನವೂ ಬೇಯಿಸಿ ಬಡಿಸಿದ ಹೆಂಗಸರ ಅಡುಗೆಗೆ ಗ್ರಂಥಕರ್ತರಿಲ್ಲ. ಹಾಗಾದರೆ ಅದರ ಚರಿತ್ರೆಯನ್ನು ಎಲ್ಲಿ ಓದುವುದು? ಅಮ್ಮನ ಪ್ರಶ್ನೆ ನನಗೆ ಒಂದು ದಾರಿ ತೋರಿಸಿತು: ಹೆಸರುಗಳಲ್ಲಿ. ಬೆಂದ ಸೊಪ್ಪನ್ನು ಮಸೆದರೆ ಮಸ್ಸೊಪ್ಪು. ಉಪ್ಪು ಹಾಕಿದ ಎಸರೇ ಉಪ್ಪೆಸರು. ಅಕ್ಷರ ಬಾರದವರು ಪಾಕವನ್ನು ಹೆಸರಿನೊಳಗೇ ಕಟ್ಟಿಟ್ಟಿದ್ದಾರೆ.

ಒಲೆಯ ಮುಂದೆ ನಿಂತ ಮೇಲೆ 'ಸೂಪಶಾಸ್ತ್ರ'ದ ಓದೂ ಬದಲಾಯಿತು. ಮಂಗರಸ ಬರೆಯುವ ಹೊತ್ತಿಗೆ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದು ಹತ್ತು ವರ್ಷವಾಗಿತ್ತು. ಗೋವೆಯನ್ನು ಅವರು ಹಿಡಿದದ್ದು 1510ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ ಅವರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಇಳಿದದ್ದು ಆ ಶತಮಾನದಲ್ಲೇ. ಟೊಮೇಟೊ, ಆಲೂಗಡ್ಡೆಗಳೂ ಅದೇ ಖಂಡದವು. ಅಂದರೆ ಮಂಗರಸನದು ಮೆಣಸಿನಕಾಯಿ ಕಾಣದ ಅಡುಗೆಮನೆ.

ಇದಕ್ಕೂ ಸಾಕ್ಷಿ ಭಾಷೆಯಲ್ಲಿದೆ. ಕನ್ನಡಕ್ಕೆ ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕಾಳು. ಹೊಸ ಖಾರ ಬಂದಾಗ ಜನ ಅದನ್ನು ಮೆಣಸಿನ ಕಾಯಿ ಎಂದು ಕರೆದು ಮನೆಯೊಳಗೆ ಬಿಟ್ಟುಕೊಂಡರು. ಬಂದವಳು ಮನೆಯೊಡತಿಯಾದಳು. ಕೊನೆಗೆ ಮೂಲದ ಮೆಣಸೇ ತನ್ನ ಗುರುತಿಗೆ ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಬಟಾಟೆಯಂತೂ ಪೋರ್ಚುಗೀಸ್ ಹೆಸರನ್ನೇ ಹೊತ್ತು ಬಂತು.

ಒಂದು ದಿನ ಮೆಣಸಿನಕಾಯಿ, ಟೊಮೇಟೊ ಎರಡನ್ನೂ ಬಿಟ್ಟು ಬಸ್ಸಾರು ಮಾಡಿದೆ. ಕರಿಮೆಣಸು, ಜೀರಿಗೆ, ತೆಂಗಿನಕಾಯಿ, ಹುಣಸೆ, ಇಂಗು. ಮಂಗರಸನ ಕಾಲದ ರುಚಿ ಇದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಖಾರ ನಾಲಿಗೆಯ ತುದಿಗೆ ಚುರ್ ಎನ್ನಲಿಲ್ಲ. ಗಂಟಲಲ್ಲಿ ನಿಧಾನ ಬೆಚ್ಚಗಾಯಿತು. ಸಾರಿನ ಹಿಂದೆ ಅವರೆಯ ಸೊಗಡು ಎದ್ದು ನಿಂತಿತು. ಜೊತೆಗೆ ಉಂಡ ಗೆಳೆಯ, "ಜ್ವರ ಬಂದಾಗ ಅಜ್ಜಿ ಕೊಡ್ತಿದ್ದ ಸಾರಿನ ಹಾಗಿದೆ" ಎಂದ. ದಿನದ ಊಟದಿಂದ ಹಿಂದೆ ಸರಿದ ಹಳೆಯ ಖಾರ ಕಾಯಿಲೆಯವರ ತಟ್ಟೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಉಳಿದುಕೊಂಡಿದೆ. ಇದು ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಊಟಕ್ಕೆ ಕೂತಾಗ.

ಬಸ್ಸಾರಿನ ಜೊತೆ ಮುದ್ದೆ ಇರಲೇಬೇಕಲ್ಲ. ಗೋಧಿಹಿಟ್ಟಿನ ಜಿಗುಟು ರಾಗಿಗಿಲ್ಲ. ಕುದಿಯುವ ಎಸರಿನಲ್ಲಿ ಚೆನ್ನಾಗಿ ಬೆಂದರೆ ಮಾತ್ರ ಅದು ಒಂದಾಗುತ್ತದೆ. ಅವಸರ ಮಾಡಿ ಕೋಲಾಡಿಸಿದ ನನ್ನ ಮೊದಲ ಮುದ್ದೆಗಳ ತುಂಬ ಗಂಟು. 16ನೆಯ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಮ ಪರೀಕ್ಷಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ. ತರಗತಿಯಲ್ಲಿ ಇದನ್ನು ಮೇಲು-ಕೀಳಿನ ರೂಪಕವಾಗಿ ಓದಿದ್ದೆವು. ಅದು ಸರಿಯೇ. ಆದರೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಕಾಪಾಡಿ ಬರಗಾಲ ದಾಟಿದವರ ಅನುಭವವೂ ಆ ಕಥೆಯ ಅಡಿಯಲ್ಲಿದೆ. ರೂಪಕ ನಿಂತದ್ದು ಹೊಟ್ಟೆಪಾಡಿನ ತಿಳಿವಳಿಕೆಯ ಮೇಲೆ.

ಅಜ್ಜಿ ತೀರಿಹೋಗಿ ನಾಲ್ಕು ವರ್ಷವಾಯಿತು. ಅಡುಗೆಮನೆಗೆ ಹೋದರೆ "ಓದ್ಕೋ ಹೋಗು" ಎಂದು ಅಟ್ಟುತ್ತಿದ್ದಳು. ನಾನು ಓದಿದೆ. ದೊರೆ ಉಂಡದ್ದು ನನ್ನ ಟಿಪ್ಪಣಿಗಳಲ್ಲಿದೆ. ಅವಳ ಮಸ್ಸೊಪ್ಪು ಇಲ್ಲ. ಈಗ ಭಾನುವಾರಗಳಂದು ಅಮ್ಮನಿಗೆ ಫೋನ್ ಮಾಡಿ ಬರೆದುಕೊಳ್ಳುತ್ತೇನೆ. ಅವಳು ಒಂದು ಹಿಡಿ ಕಾಳು ಎನ್ನುತ್ತಾಳೆ. ಯಾರ ಹಿಡಿ ಎಂದರೆ, "ಉಣ್ಣೋರ ಹೊಟ್ಟೆ ನೋಡ್ಕೊಂಡು ಹಾಕು" ಎನ್ನುತ್ತಾಳೆ. ಅದನ್ನೂ ಹಾಗೇ ಬರೆದುಕೊಂಡು, ತಾರೀಕು ಹಾಕಿ, ಆಕರಗಳ ಕಡತದಲ್ಲಿ ಮಂಗರಸನ ಪಕ್ಕಕ್ಕೇ ಇಟ್ಟಿದ್ದೇನೆ.