ಎಳೆಯ ಗೋಲ್‌ಕೀಪರ್‌ಗಳ ತರಬೇತಿ

ಫುಟ್‌ಬಾಲ್‌ನಲ್ಲಿ ಗೋಲು ಕಾಯುವ ಮಕ್ಕಳಿಗೆ ದೇಹದ ಬೆಳವಣಿಗೆಗೆ ಹೊಂದಿಸಿ ನೀಡುವ ಶಿಕ್ಷಣ. ವಯಸ್ಕರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರವಿದ್ದು ಮಕ್ಕಳ ಅಳವಿಗೆ ಮೀರಿದ್ದರಿಂದ ಎಳೆಯರಿಗೆ ಚಿಕ್ಕ ಗೋಲನ್ನು ಬಳಸುತ್ತಾರೆ. ಆ ವಯಸ್ಸಿನಲ್ಲಿ ಒಬ್ಬರನ್ನೇ ಗೋಲಿಗೆ ಕಟ್ಟಿಹಾಕದೆ ಎಲ್ಲ ಸ್ಥಾನಗಳಲ್ಲೂ ಆಡಿಸುವುದು ಲೇಸು. ಹಾರಿ ಬೀಳುವುದನ್ನು ಮೊದಲು ಕುಳಿತು, ಬಳಿಕ ಮಂಡಿಯೂರಿ, ಕೊನೆಗೆ ನಿಂತು ಅಭ್ಯಾಸ ಮಾಡಿಸಲಾಗುತ್ತದೆ. ಹುಡುಗಿಯರಲ್ಲಿ ಸುಮಾರು 12ನೇ, ಹುಡುಗರಲ್ಲಿ ಸುಮಾರು 14ನೇ ವಯಸ್ಸಿನಲ್ಲಿ ಎತ್ತರ ದಿಢೀರನೆ ಏರುವಾಗ ಕೈಕಾಲುಗಳ ಹೊಂದಾಣಿಕೆ ಕೆಲಕಾಲ ತಪ್ಪಿ, ನಿನ್ನೆ ಹಿಡಿದ ಚೆಂಡು ಇಂದು ಜಾರಬಹುದಾದ್ದರಿಂದ, ಅದನ್ನು ಅಲಕ್ಷ್ಯವೆಂದು ಗದರುವುದು ತರಬೇತುದಾರನದೇ ತಪ್ಪು. ಮಂಡಿಚಿಪ್ಪಿನ ಕೆಳಗಿನ ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಜಗ್ಗಿ ನೋಯಿಸುವ ಆಸ್‌ಗುಡ್-ಶ್ಲಾಟರ್ ತೊಂದರೆ ಕಂಡರೆ ಜಿಗಿತಗಳನ್ನು ತಗ್ಗಿಸಬೇಕು. ಇಟಲಿಯ ಜಾನ್‌ಲುಯಿಜಿ ಡೊನ್ನಾರುಮ್ಮ 2015ರಲ್ಲಿ 16ನೇ ವಯಸ್ಸಿಗೇ ಎ.ಸಿ. ಮಿಲಾನ್‌ನ ಗೋಲು ಕಾದದ್ದು ಅಪವಾದವೇ ಹೊರತು ಮಾದರಿಯಲ್ಲ.